ಗುಂಡಿನ ತೂತುಗಳ ಮನೆ ಮತ್ತು ನಮ್ಮ ಕಡೆಯ ಹತ್ತಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ ಬರಿ, ಹುಡುಗರಿಗೆ ಉಪಯೋಗ ಆಗ್ತದ" ಎಂದಿದ್ದರು. ನಾನು ಒಪ್ಪಿಕೊಂಡೂ ಬಿಟ್ಟಿದ್ದೆ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಎದ್ದೆ. ಕಂಪ್ಯೂಟರ್ ಬಗ್ಗೆ ನನಗಿಂತ ಈಗಿನ ಹುಡುಗರಿಗೇ ಹೆಚ್ಚು ಗೊತ್ತು. ಮನಸ್ಸಿನಲ್ಲಿ ಬಹಳ ದಿನದಿಂದ ಕುಳಿತಿರುವುದು ಬೇರೆಯೇ ಒಂದು ವಿಷಯ. ಅದು ಇತಿಹಾಸಕ್ಕೆ ಸೇರಿದ್ದು. ಬಿ.ಇ. ಓದಿದವನು ಇತಿಹಾಸ ಬರೆಯುವುದು ಸ್ವಲ್ಪ ಅಧಿಕಪ್ರಸಂಗವೇ. ಗುರುಗಳು ಕ್ಷಮಿಸಬೇಕು.

ನಾನು 2004ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದೆ. ನನ್ನ ಜೊತೆ ಕಲಿತವರಿಗೆ ನೆನಪಿರಬಹುದು, ನಮ್ಮ ಸಮಾಜ ವಿಜ್ಞಾನದ ಗುರುಗಳು ಲಿಂಕನ್ನನ ಕಥೆ ಹೇಳುವಾಗ ಪುಸ್ತಕ ಮುಚ್ಚಿಟ್ಟು ಹೇಳುತ್ತಿದ್ದರು. ಅಮೆರಿಕದ ಅಂತರ್ಯುದ್ಧ, 1861ರಿಂದ 1865, ಉತ್ತರದ ರಾಜ್ಯಗಳು, ದಕ್ಷಿಣದ ರಾಜ್ಯಗಳು, ಗುಲಾಮಗಿರಿ. ಪರೀಕ್ಷೆಗೆ ಇಷ್ಟು ಸಾಕಿತ್ತು. ಆ ಯುದ್ಧದ ಒಂದು ಗೋಡೆಯನ್ನು ಮುಟ್ಟಿ ನೋಡುವ ದಿನ ಬರುತ್ತದೆ ಎಂದು ಆ ಬೆಂಚಿನ ಮೇಲೆ ಕುಳಿತಿದ್ದಾಗ ಯಾರು ತಿಳಿದಿದ್ದರು?

2023ರ ಅಕ್ಟೋಬರ್‌ನಲ್ಲಿ ಕೆಲಸದ ಮೇಲೆ ಮೂರು ತಿಂಗಳು ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಹೋಗಬೇಕಾಯಿತು. ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಫ್ರಾಂಕ್ಲಿನ್ ಎಂಬ ಊರಿದೆ. ಈಗ ಶ್ರೀಮಂತರ ಊರು, ಅಂಗಡಿಗಳು, ಹೋಟೆಲುಗಳು, ಅಚ್ಚುಕಟ್ಟಾದ ಬೀದಿಗಳು. ನವೆಂಬರ್ ಕೊನೆಯ ಒಂದು ಶನಿವಾರ ಸಹೋದ್ಯೋಗಿಯೊಬ್ಬರು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಅವರಿಗೆ ಅಲ್ಲಿ ಖರೀದಿ ಮಾಡುವುದಿತ್ತು. ನನಗೆ ಖರೀದಿ ಬೇಡವಾಗಿತ್ತು. ರಸ್ತೆ ಬದಿಯಲ್ಲಿ 'ಕಾರ್ಟರ್ ಹೌಸ್' ಎಂಬ ಫಲಕ ಕಂಡು, ಅವರು ಬರುವವರೆಗೆ ಇಲ್ಲೇ ಇರುತ್ತೇನೆಂದು ಇಳಿದುಕೊಂಡೆ. ಒಂದು ತಾಸಿಗೆಂದು ಇಳಿದವನು ಸಂಜೆಯವರೆಗೂ ಅಲ್ಲೇ ಇದ್ದೆ.

ಮನೆ ದೊಡ್ಡದಲ್ಲ. ನಮ್ಮ ಕಡೆ ಗೌಡರ ವಾಡೆಗಳನ್ನು ನೋಡಿದವರಿಗೆ ಅದು ಏನೂ ಅನ್ನಿಸುವುದಿಲ್ಲ. ಕೆಂಪು ಇಟ್ಟಿಗೆಯ ಗೋಡೆ, ಮುಂದೆ ಕಂಬಗಳ ಬಾಗಿಲು, ಕೆಳಗೆ ನೆಲಮಾಳಿಗೆ. ಫೌಂಟನ್ ಬ್ರಾಂಚ್ ಕಾರ್ಟರ್ ಎಂಬ ರೈತ 1830ರಲ್ಲಿ ಕಟ್ಟಿಸಿದ್ದು. ಅವನಿಗೆ ಹೊಲವಿತ್ತು, ರಸ್ತೆಯ ಆಚೆ ಬದಿಗೆ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ ಇತ್ತು. ಜಿನ್ ಎಂಬ ಮಾತು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಅದಕ್ಕೆ ಮುಂದೆ ಬರುತ್ತೇನೆ.

ಮನೆಯ ಹಿಂದೆ ಹಿತ್ತಲಲ್ಲಿ ಎರಡು ಸಣ್ಣ ಕಟ್ಟಡಗಳಿವೆ. ಒಂದು ಮಾಂಸವನ್ನು ಹೊಗೆಯಲ್ಲಿಟ್ಟು ಕೆಡದಂತೆ ಕಾಯುವ ಇಟ್ಟಿಗೆಯ ಕೋಣೆ. ಇನ್ನೊಂದು ಹೊಲದ ಲೆಕ್ಕಪತ್ರ ಬರೆಯುತ್ತಿದ್ದ ಹಲಗೆ ಗೋಡೆಯ ಕೋಣೆ, ನಮ್ಮ ಶಾಲೆಯ ಹಳೇ ಸ್ಟಾಫ್ ರೂಮಿನಷ್ಟು. ಆ ಹಲಗೆ ಕೋಣೆಯ ಒಳಗೆ ಹೋಗಿ ನಿಂತಾಗ ಮೊದಲು ಗೋಡೆ ಕಾಣುವುದಿಲ್ಲ, ಬೆಳಕು ಕಾಣುತ್ತದೆ. ದಕ್ಷಿಣದ ಗೋಡೆಯ ತುಂಬ ತೂತುಗಳು. ಒಂದೊಂದು ತೂತಿನಿಂದಲೂ ಬಿಸಿಲಿನ ಒಂದೊಂದು ಕೋಲು ಒಳಗೆ ಇಳಿದಿರುತ್ತದೆ. ಬೆರಳು ಹಾಕಬಹುದಾದಷ್ಟು ದೊಡ್ಡ ತೂತುಗಳು. ಆ ಯುದ್ಧದಲ್ಲಿ ಬಳಸಿದ್ದು ಮೆತ್ತಗಿನ ಸೀಸದ ಗುಂಡು, ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ. ಹೊಕ್ಕ ಕಡೆ ದುಂಡಗೆ, ಹೊರಬಿದ್ದ ಕಡೆ ಸಿಬಿರೆದ್ದು ಅಗಲ. ಮನೆಯನ್ನೂ ಹಿತ್ತಲಿನ ಕಟ್ಟಡಗಳನ್ನೂ ಸೇರಿಸಿದರೆ ಇಂದಿಗೂ ಉಳಿದಿರುವ ಗುಂಡಿನ ಗುರುತುಗಳು ಒಂದು ಸಾವಿರಕ್ಕೂ ಹೆಚ್ಚು. ಅಂತರ್ಯುದ್ಧದಿಂದ ಉಳಿದ ಕಟ್ಟಡಗಳಲ್ಲಿ ಇಷ್ಟು ಗುಂಡು ತಿಂದದ್ದು ಇನ್ನೊಂದಿಲ್ಲ ಎಂದು ಅಲ್ಲಿಯವರು ಹೇಳುತ್ತಾರೆ. ನಾನು ಒಂದು ಹಲಗೆಯ ತೂತುಗಳನ್ನು ಎಣಿಸಲು ಹೋಗಿ ನಡುವೆ ತಪ್ಪಿ ಬಿಟ್ಟುಬಿಟ್ಟೆ.

ಇಷ್ಟೆಲ್ಲ ಆದದ್ದು ಒಂದೇ ಸಂಜೆ, 1864ರ ನವೆಂಬರ್ 30ರಂದು, ಸುಮಾರು ಐದು ತಾಸುಗಳಲ್ಲಿ.

ಆ ಹೊತ್ತಿಗೆ ಯುದ್ಧದ ಕೊನೆ ಹತ್ತಿರ ಬಂದಿತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ 11 ರಾಜ್ಯಗಳು ಸೋಲುತ್ತಿದ್ದವು. ಅಟ್ಲಾಂಟಾ ನಗರವನ್ನು ಕಳೆದುಕೊಂಡ ದಕ್ಷಿಣದ ಸೇನಾಪತಿ ಜಾನ್ ಬೆಲ್ ಹುಡ್, ಇನ್ನೊಂದು ಕೈ ನೋಡೋಣವೆಂದು ತನ್ನ ಸೈನ್ಯವನ್ನು ಉತ್ತರಕ್ಕೆ, ಟೆನೆಸ್ಸಿಗೆ ತಿರುಗಿಸಿದ. ಅವನ ಮುಂದೆ ಹಿಂದೆ ಸರಿಯುತ್ತಿದ್ದವನು ಉತ್ತರದ ಸೇನಾಪತಿ ಜಾನ್ ಸ್ಕೋಫೀಲ್ಡ್. ನ್ಯಾಶ್‌ವಿಲ್‌ನಲ್ಲಿದ್ದ ತನ್ನವರ ದೊಡ್ಡ ಸೈನ್ಯವನ್ನು ಕೂಡಿಕೊಳ್ಳುವುದು ಅವನ ಗುರಿ. 29ರ ರಾತ್ರಿ ಸ್ಪ್ರಿಂಗ್ ಹಿಲ್ ಎಂಬಲ್ಲಿ ಹುಡ್‌ನ ಸೈನ್ಯ ಬೀಡುಬಿಟ್ಟು ಮಲಗಿದ್ದಾಗ, ಪಕ್ಕದ ರಸ್ತೆಯಲ್ಲೇ ಸ್ಕೋಫೀಲ್ಡನ ಸೈನ್ಯ ಸದ್ದಿಲ್ಲದೆ ದಾಟಿಹೋಯಿತು. ಬೆಳಗಾಗುವಷ್ಟರಲ್ಲಿ ಫ್ರಾಂಕ್ಲಿನ್ ಮುಟ್ಟಿತು. ಆದರೆ ಊರಿನ ಆಚೆಯ ಹಾರ್ಪೆತ್ ನದಿಯ ಸೇತುವೆಗಳು ಬಂಡಿ ದಾಟುವ ಸ್ಥಿತಿಯಲ್ಲಿರಲಿಲ್ಲ. ಅವುಗಳನ್ನು ಸರಿಮಾಡುವವರೆಗೆ ನದಿಯನ್ನು ಬೆನ್ನಿಗಿಟ್ಟುಕೊಂಡು ನಿಲ್ಲಬೇಕಾಯಿತು.

ಊರಿನ ದಕ್ಷಿಣದ ತುದಿಯಲ್ಲಿ, ಕೊಲಂಬಿಯಾ ಊರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ, ಕಾರ್ಟರನ ಮನೆ. ಬೆಳಕು ಹರಿಯುವ ಮೊದಲೇ ಜನರಲ್ ಜೇಕಬ್ ಕಾಕ್ಸ್ ಬಾಗಿಲು ಬಡಿದು ಮನೆಯವರನ್ನು ಎಬ್ಬಿಸಿ, ಪಡಸಾಲೆಯನ್ನು ತನ್ನ ಕಚೇರಿ ಮಾಡಿಕೊಂಡ. ಸೈನಿಕರು ಮನೆಯ ಸ್ವಲ್ಪ ಮುಂದೆಯೇ ಉದ್ದಕ್ಕೆ ಕಂದಕ ತೋಡಿ ಮಣ್ಣಿನ ಒಡ್ಡು ಕಟ್ಟಿದರು. ಒಡ್ಡಿನ ಮೇಲಿಡಲು ಮರ ಬೇಕಾಗಿ ಕಾರ್ಟರನ ಜಿನ್ ಮನೆಯ ಹಲಗೆಗಳನ್ನು ಕಿತ್ತರು. 67 ವರ್ಷದ ಕಾರ್ಟರ್ ತನ್ನ ಮನೆ ಬಿಟ್ಟು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಮಕ್ಕಳು, ಮೊಮ್ಮಕ್ಕಳು, ಎದುರು ಮನೆಯ ಬಡಗಿ ಲಾಟ್ಸ್‌ನ ಹೆಂಡತಿ ಮಕ್ಕಳು, ಮನೆಯ ಕೆಲವು ಗುಲಾಮರು, ಎಲ್ಲರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ನೆಲಮಾಳಿಗೆಗೆ ಇಳಿದರು.

ಸಂಜೆ ನಾಲ್ಕರ ಹೊತ್ತಿಗೆ ಹುಡ್‌ನ ಸುಮಾರು 20,000 ಸೈನಿಕರು ಬಯಲಿನಲ್ಲಿ ಸಾಲುಗಟ್ಟಿ ಬಂದರು. ಮರೆ ಇಲ್ಲದ ಎರಡು ಮೈಲಿಯ ಬಯಲು. ನಮ್ಮ ಎರೆ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ನಿಂತು ನೋಡಿದರೆ ದಿಗಂತದವರೆಗೆ ಕಾಣುವುದಿಲ್ಲವೇ, ಹಾಗೆ. ಉತ್ತರದ ಎರಡು ತುಕಡಿಗಳನ್ನು ಯಾರದೋ ಅವಿವೇಕದಿಂದ ಒಡ್ಡಿಗಿಂತ ಅರ್ಧ ಮೈಲಿ ಮುಂದೆ ಬಿಡಲಾಗಿತ್ತು. ಅವರು ತಡೆಯಲಾರದೆ ಹಿಂದಕ್ಕೆ ಓಡಿಬಂದರು, ಅವರ ಬೆನ್ನಿಗೆ ಅಂಟಿಕೊಂಡೇ ವೈರಿಗಳೂ ಬಂದರು. ಒಡ್ಡಿನ ಮೇಲಿದ್ದವರು ಗುಂಡು ಹಾರಿಸಿದರೆ ತಮ್ಮವರೇ ಸಾಯಬೇಕು, ಹಾರಿಸದಿದ್ದರೆ ವೈರಿ ಒಳಗೆ ಬರಬೇಕು. ಹಾಗೆ ದಕ್ಷಿಣದವರು ರಸ್ತೆಯ ನೇರಕ್ಕೆ ಒಡ್ಡನ್ನು ಒಡೆದು ಕಾರ್ಟರನ ಹಿತ್ತಲಿಗೆ ನುಗ್ಗಿದರು. ಮನೆಯ ಹಿಂದೆ ವಿಶ್ರಾಂತಿಗೆಂದು ನಿಂತಿದ್ದ ಕರ್ನಲ್ ಆಪ್ಡೈಕನ ತುಕಡಿ ಎದ್ದು ಅವರ ಮೇಲೆ ಬಿತ್ತು. ಆಮೇಲೆ ನಡೆದದ್ದು ದೂರದ ಗುಂಡಿನ ಯುದ್ಧವಲ್ಲ. ಬಂದೂಕಿನ ಹಿಡಿ, ಸನಿಕೆ, ಕೊಡಲಿ, ಕೈಗೆ ಸಿಕ್ಕಿದ್ದರಿಂದ ಕತ್ತಲಲ್ಲಿ ಹೊಡೆದಾಡಿದರು. ಆ ಹಲಗೆ ಕೋಣೆಯ ತೂತುಗಳು ಆಗ ಬಿದ್ದವು. ಎರಡನೇ ಮಹಾಯುದ್ಧದ ಜನರಲ್ ಡಗ್ಲಾಸ್ ಮೆಕಾರ್ಥರನ ಹೆಸರು ಹಿರಿಯರು ಕೇಳಿರುತ್ತೀರಿ. ಅವನ ತಂದೆ ಆರ್ಥರ್ 19 ವರ್ಷದ ಹುಡುಗನಾಗಿದ್ದಾಗ ಇಲ್ಲೇ ಗುಂಡೇಟು ತಿಂದು ಬದುಕಿಕೊಂಡ.

ರಾತ್ರಿ ಒಂಬತ್ತರ ಸುಮಾರಿಗೆ ಸದ್ದು ಅಡಗಿತು. ನಡುರಾತ್ರಿ ಸ್ಕೋಫೀಲ್ಡನ ಸೈನ್ಯ ನದಿ ದಾಟಿ ನ್ಯಾಶ್‌ವಿಲ್ ಕಡೆಗೆ ಹೋಯಿತು. ಬಯಲಿನಲ್ಲಿ ಉಳಿದವರು ಹುಡ್‌ನ ಕಡೆಯವರು. ಅವರಲ್ಲಿ ಸತ್ತವರೇ ಸುಮಾರು 1,750. ಉತ್ತರದ ಕಡೆ ಸತ್ತವರು 189. ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಎರಡೂ ಕಡೆ ಸೇರಿ ಎಂಟು ಸಾವಿರಕ್ಕೂ ಮೇಲೆ. ಆ ಒಂದು ಯುದ್ಧದಲ್ಲಿ ದಕ್ಷಿಣದ ಆರು ಜನ ಜನರಲ್‌ಗಳು ಪ್ರಾಣ ಕಳೆದುಕೊಂಡರು. ಎರಡು ವಾರದ ನಂತರ ನ್ಯಾಶ್‌ವಿಲ್‌ನಲ್ಲಿ ಹುಡ್‌ನ ಉಳಿದ ಸೈನ್ಯವೂ ಚೆದುರಿತು. ಅಲ್ಲಿ ಅವನನ್ನು ಎದುರಿಸಿದವರಲ್ಲಿ ಕಪ್ಪು ಸೈನಿಕರ ದಳಗಳೂ ಇದ್ದವು.

ಕಾರ್ಟರ್ ಮನೆಯನ್ನು ನೋಡಲು ಬರುವವರೆಲ್ಲ ಕೇಳುವ ಕಥೆ ಇನ್ನೊಂದಿದೆ. ಕಾರ್ಟರನ ಮಗ ಟಾಡ್, 24 ವರ್ಷದವನು, ದಕ್ಷಿಣದ ಸೈನ್ಯದಲ್ಲಿ ಕ್ಯಾಪ್ಟನ್. ಓದಿಕೊಂಡ ಹುಡುಗ, ಸುಳ್ಳು ಹೆಸರಿಟ್ಟುಕೊಂಡು ಪತ್ರಿಕೆಗೆ ಬರೆಯುತ್ತಿದ್ದವನು. ಒಮ್ಮೆ ವೈರಿಗಳ ಕೈಗೆ ಸಿಕ್ಕು, ಸೆರೆಮನೆಗೆ ಒಯ್ಯುತ್ತಿದ್ದ ರೈಲಿನಿಂದ ತಪ್ಪಿಸಿಕೊಂಡು ಬಂದಿದ್ದ. ಮನೆ ನೋಡದೆ ಮೂರು ವರ್ಷಕ್ಕೂ ಮೇಲಾಗಿತ್ತು. ಅಂದು ಅವನ ಸೈನ್ಯ ದಾಳಿ ಮಾಡಬೇಕಾಗಿದ್ದದ್ದು ಅವನದೇ ಮನೆಯ ಮೇಲೆ. ಅವನ ಕೆಲಸ ಸೈನ್ಯದ ಸಾಮಾನು ಸರಬರಾಜಿನದ್ದು, ಯುದ್ಧಕ್ಕೆ ಇಳಿಯಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಆದರೂ ಕುದುರೆ ಏರಿ ಮುಂದೆ ಬಂದ. ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಬಿದ್ದ. ಬೆಳಗಾಗುವ ಮೊದಲು ಅಪ್ಪನೂ ಅಕ್ಕತಂಗಿಯರೂ ಕಂದೀಲು ಹಿಡಿದು ಹೆಣಗಳ ನಡುವೆ ಹುಡುಕಿ, ಇನ್ನೂ ಜೀವವಿದ್ದ ಅವನನ್ನು ಎತ್ತಿಕೊಂಡು ಬಂದರು. ಡಿಸೆಂಬರ್ 2ರಂದು ಹುಟ್ಟಿದ ಮನೆಯಲ್ಲೇ ತೀರಿಕೊಂಡ.

ಆ ಕೋಣೆಯ ಹೊಸ್ತಿಲಲ್ಲಿ ನಿಂತಾಗ ನಮ್ಮ ಗುಂಪಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ಎದುರು ಮನೆಯನ್ನೂ ಆಮೇಲೆ ನೋಡಿದೆ. ಬಡಗಿ ಲಾಟ್ಸ್ ತನ್ನ ಕೈಯಾರೆ ಕಟ್ಟಿದ ಮರದ ಮನೆ. ಅದರ ಮಾಳಿಗೆಯಿಂದ ಒಂದು ಫಿರಂಗಿ ಗುಂಡು ಬಿದ್ದು, ಮೇಲಿನ ಅಟ್ಟವನ್ನು ತೂರಿ, ಕೆಳಗಿನ ನೆಲವನ್ನು ಸುಟ್ಟ ಗುರುತು ಇನ್ನೂ ಇದೆ. ಆ ಮನೆಯ ಹುಡುಗಿ ಮೆಟಿಲ್ಡಾಳಿಗೆ ಹಿಂದಿನ ದಿನವಷ್ಟೇ ಆರು ವರ್ಷ ತುಂಬಿತ್ತು. ಆ ರಾತ್ರಿ ಕಾರ್ಟರನ ನೆಲಮಾಳಿಗೆಯಲ್ಲಿ ಕುಳಿತು ಕಳೆದ ಆ ಹುಡುಗಿ ಮುಂದೆ ಹೆಸರಾಂತ ಚಿತ್ರಕಾರಳಾದಳು. ಅವಳು ಬರೆದದ್ದು ಹೆಚ್ಚಾಗಿ ದನ, ಕುದುರೆ, ನಾಯಿಗಳನ್ನು.

ಇಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನನಗೆ ಒಂದು ಪ್ರಶ್ನೆ ಉಳಿದಿತ್ತು. ನೆಲಮಾಳಿಗೆಯಲ್ಲಿ ಮನೆಯ ಗುಲಾಮರೂ ಇದ್ದರು ಎಂದರಲ್ಲ, ಅವರು ಯಾರು?

1860ರ ಜನಗಣತಿಯ ಹೊತ್ತಿಗೆ ಕಾರ್ಟರನ ಒಡೆತನದಲ್ಲಿ 28 ಜನ ಗುಲಾಮರಿದ್ದರು. ಹತ್ತಿ ಬಿತ್ತಿದವರು, ಬಿಡಿಸಿದವರು, ಜಿನ್ನಿಗೆ ಹೊತ್ತು ಹಾಕಿದವರು ಅವರು. ಆ ಜನಗಣತಿಯಲ್ಲಿ ಗುಲಾಮರಿಗೆಂದೇ ಬೇರೆ ಹಾಳೆಗಳಿದ್ದವು. ಒಡೆಯನ ಹೆಸರು ಬರೆದು ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಇಷ್ಟನ್ನು ಬರೆಯುತ್ತಿದ್ದರು. ಹೆಸರು ಬರೆಯುತ್ತಿರಲಿಲ್ಲ. ಟಾಡ್ ಕಾರ್ಟರ್ ಅಂದು ಏರಿದ್ದ ಕುದುರೆಯ ಹೆಸರು ರೋಸನ್‌ಕ್ರಾಂಟ್ಜ್ ಎಂದು ಇವತ್ತಿಗೂ ಹೇಳುತ್ತಾರೆ.

ನಾನು ಮತ್ತೆ ಹಲಗೆ ಕೋಣೆಗೆ ಹೋದೆ. ಈ ಸಲ ಆ ಬೆಳಕು ಮೊದಲಿನಂತೆ ಕಾಣಲಿಲ್ಲ. ನಮ್ಮ ಕೆಲಸದಲ್ಲಿ 'ಲಾಗ್' ಎಂದು ಒಂದಿರುತ್ತದೆ. ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತೆಂದು ತಾನಾಗಿ ಬರೆದಿಡುವ ದಿನಚರಿ. ಏನಾದರೂ ಕೆಟ್ಟರೆ ನಾವು ಮೊದಲು ನೋಡುವುದು ಅದನ್ನೇ. ಹೊಸದಾಗಿ ಸೇರಿದ ಹುಡುಗರು ಲಾಗಿನಲ್ಲಿ ಇಲ್ಲ ಎಂದರೆ ಆಗಿಲ್ಲ ಎಂದೇ ತಿಳಿಯುತ್ತಾರೆ. ಹಾಗಲ್ಲ. ಏನನ್ನು ಬರೆದಿಡು ಎಂದು ಹೇಳಿರುತ್ತೇವೋ ಅದನ್ನಷ್ಟೇ ಅದು ಬರೆದಿರುತ್ತದೆ. ಆ ಗೋಡೆಯೂ ಅಂಥದೇ ಒಂದು ಲಾಗ್. ಐದು ತಾಸಿನ ಗುಂಡುಗಳನ್ನು ಒಂದೂ ಬಿಡದೆ ಬರೆದುಕೊಂಡಿದೆ. ಅದಕ್ಕೂ ಮೊದಲಿನ ಮೂವತ್ತು ವರ್ಷ ಆ ಕೋಣೆಯಲ್ಲಿ ಬರೆದ ಲೆಕ್ಕ ಯಾರ ದುಡಿಮೆಯದು ಎಂಬುದರ ಗುರುತು ಅದರ ಮೇಲೆ ಒಂದೂ ಇಲ್ಲ.

ರಸ್ತೆ ದಾಟಿ ಜಿನ್ ಇದ್ದ ಜಾಗಕ್ಕೆ ಹೋದೆ. ಅಂದಿನ ಕಾಳಗ ಅತ್ಯಂತ ಘೋರವಾಗಿದ್ದದ್ದು ಅದರ ಸುತ್ತಲೇ. ಈಗ ಜಿನ್ ಇಲ್ಲ. ಆ ಕಡೆ ಯುದ್ಧಭೂಮಿಯ ಮೇಲೆ ಕಾಲಾಂತರದಲ್ಲಿ ಮನೆ, ಅಂಗಡಿ, ಪಿಜ್ಜಾ ಹೋಟೆಲು ಎಲ್ಲ ಎದ್ದಿದ್ದವು. ಕಾರ್ಟರ್ ಮನೆಯನ್ನು ಟೆನೆಸ್ಸಿ ಸರ್ಕಾರ 1951ರಲ್ಲಿ ಕೊಂಡು 1953ರಿಂದ ಜನರಿಗೆ ತೆರೆದಿತ್ತು. ಆದರೆ ಸುತ್ತಲಿನ ನೆಲ ಹೋಗಿಬಿಟ್ಟಿತ್ತು. ಆಮೇಲೆ ಊರಿನವರೇ ಹಣ ಕೂಡಿಸಿ ಒಂದೊಂದೇ ತುಂಡು ಜಾಗವನ್ನು ಪೇಟೆಯ ಬೆಲೆಗೆ ಕೊಂಡು, ಮೇಲಿನ ಕಟ್ಟಡ ಕೆಡವಿ, ಹುಲ್ಲು ಬೆಳೆಸುತ್ತಿದ್ದಾರೆ. 2005ರಲ್ಲಿ ಪಿಜ್ಜಾ ಹಟ್ ಹೋಟೆಲನ್ನೇ ಕೊಂಡು ಕೆಡವಿದರು. ಜನರಲ್ ಪ್ಯಾಟ್ರಿಕ್ ಕ್ಲೆಬರ್ನ್ ಬಿದ್ದ ಜಾಗ ಅದು ಎಂದು. ಐರ್ಲೆಂಡಿನಲ್ಲಿ ಹುಟ್ಟಿದ ಈ ಕ್ಲೆಬರ್ನ್, ಸೈನಿಕರು ಸಾಲದಾಗ, ಗುಲಾಮರನ್ನು ಬಿಡುಗಡೆ ಮಾಡಿ ಸೈನ್ಯಕ್ಕೆ ಸೇರಿಸಿಕೊಳ್ಳೋಣ ಎಂದು ಅದೇ ವರ್ಷದ ಜನವರಿಯಲ್ಲಿ ದಕ್ಷಿಣದವರಿಗೆ ಸೂಚಿಸಿದ್ದ. ಅವರು ಆ ಕಾಗದವನ್ನು ಮುಚ್ಚಿಟ್ಟರು. ಗುಲಾಮರನ್ನು ಬಿಡುವುದಾದರೆ ಯುದ್ಧವಾದರೂ ಯಾಕೆ ಎಂಬುದು ಅವರ ವಾದ. ನನಗೆ ಅನ್ನಿಸುವಂತೆ ಆ ಯುದ್ಧ ಯಾತಕ್ಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಡ.

ಊರಿನ ನಡುವಿನ ಚೌಕದಲ್ಲಿ 1899ರಲ್ಲಿ ನಿಲ್ಲಿಸಿದ ದಕ್ಷಿಣದ ಸೈನಿಕನ ಪ್ರತಿಮೆ ಎತ್ತರದ ಕಂಬದ ಮೇಲಿದೆ. ಅಲ್ಲೇ ಹತ್ತಿರ, ಹಳೆಯ ಕೋರ್ಟಿನ ಮುಂದೆ, 2021ರಲ್ಲಿ ಕಪ್ಪು ಸೈನಿಕನೊಬ್ಬನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ 122 ವರ್ಷ.

ಈಗ ಜಿನ್ ಎಂಬ ಮಾತಿಗೆ ಬರುತ್ತೇನೆ. ಅಂದು ಸಂಜೆ ನ್ಯಾಶ್‌ವಿಲ್‌ಗೆ ಹಿಂತಿರುಗುವಾಗ ಕಾರಿನಲ್ಲಿ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ನಮ್ಮ ಧಾರವಾಡ ಸೀಮೆ. ಈ ಯುದ್ಧ ನಮ್ಮ ಹೊಲಗಳಿಗೂ ಬಂದಿತ್ತು. ಇದು ಅಲಂಕಾರದ ಮಾತಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೀಮೆಯ ಗಿರಣಿಗಳಿಗೆ ಆ ಕಾಲದಲ್ಲಿ ಬಹುಪಾಲು ಹತ್ತಿ ಹೋಗುತ್ತಿದ್ದದ್ದು ಅಮೆರಿಕದ ದಕ್ಷಿಣದಿಂದ. ಒಂದೇ ಕಡೆಯನ್ನು ನಂಬಿಕೊಂಡರೆ ಕಷ್ಟವೆಂದು ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲೇ ಅಮೆರಿಕದಿಂದ ಹತ್ತಿ ಬೆಳೆ ಬಲ್ಲವರನ್ನೂ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನೂ ಜಿನ್ನುಗಳನ್ನೂ ತರಿಸಿ ಹಿಂದುಸ್ತಾನದ ಹಲವು ಕಡೆ ಪ್ರಯೋಗ ಮಾಡಿಸಿತು. ಹೆಚ್ಚಿನ ಕಡೆ ಬೆಳೆ ಕೈಕೊಟ್ಟಿತು. ಹತ್ತಿದ್ದು ಧಾರವಾಡದ ಎರೆ ಭೂಮಿಯಲ್ಲಿ. ಹುಬ್ಬಳ್ಳಿ, ಗದಗ ಸೀಮೆಯಲ್ಲಿ ಅದು ಎಷ್ಟು ಹರಡಿತೆಂದರೆ ಲಿವರ್‌ಪೂಲ್ ಪೇಟೆಯಲ್ಲಿ 'ಧಾರವಾಡ್-ಅಮೆರಿಕನ್' ಎಂದೇ ಒಂದು ಹೆಸರು ಬಿತ್ತು. ಅಮೆರಿಕದ ಗುಲಾಮರು ಬೆಳೆಯುತ್ತಿದ್ದ ತಳಿಯನ್ನೇ ನಮ್ಮ ಮುತ್ತಜ್ಜಂದಿರೂ ಬೆಳೆಯುತ್ತಿದ್ದರು.

1861ರಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ಹಡಗುಗಳ ದಿಗ್ಬಂಧನ ಹಾಕಿಸಿದ. ಅಲ್ಲಿಯ ಹತ್ತಿ ಅಲ್ಲೇ ಉಳಿಯಿತು. ಇಲ್ಲಿ ಹತ್ತಿಯ ಬೆಲೆ ಎರಡು ಪಟ್ಟು, ಮೂರು ಪಟ್ಟು ಎನ್ನುತ್ತ ಏರಿತು. ಮುಂಬಯಿಯಲ್ಲಿ ಷೇರು ವ್ಯಾಪಾರದ ಹುಚ್ಚು ಹಿಡಿಯಿತು. ಧಾರವಾಡದ ಹತ್ತಿಯನ್ನು ಹೊರಗೆ ಸಾಗಿಸಲು ಕಾರವಾರವನ್ನು ಬಂದರು ಮಾಡಬೇಕೆಂದು ಮ್ಯಾಂಚೆಸ್ಟರಿನವರು ಹಟ ಹಿಡಿದರು. ಅದಕ್ಕಾಗಿಯೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ನಾವು ಭೂಪಟದಲ್ಲಿ ಬಣ್ಣ ತುಂಬುತ್ತಿದ್ದ ಆ ಗೆರೆಯ ಹಿಂದೆ ಹತ್ತಿ ಇತ್ತು. ಕೆಲವು ರೈತರು ಬಂಡಿ ಗಾಲಿಗೆ ಬೆಳ್ಳಿ ಪಟ್ಟಿ ಹಾಕಿಸಿದರು ಎಂದು ಆ ಕಾಲದ ಹತ್ತಿ ಸುಗ್ಗಿಯ ಬಗ್ಗೆ ಹೇಳುವುದುಂಟು. ನಾನು ನಂಬುವುದು ಸ್ವಲ್ಪ ಕಷ್ಟ. ನಮ್ಮ ಕಡೆ ಬೆಲೆ ಬಂದ ವರ್ಷ ರೈತನಿಗೆ ಎಷ್ಟು ಸಿಗುತ್ತದೆ, ದಲಾಲಿಗೆ ಎಷ್ಟು ಸಿಗುತ್ತದೆ ಎಂದು ನಮಗೆಲ್ಲ ಗೊತ್ತಿದೆ. 1865ರಲ್ಲಿ ಯುದ್ಧ ನಿಂತಿತು. ಬೆಲೆ ಬಿತ್ತು. ಮುಂಬಯಿಯಲ್ಲಿ ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯಾದರು. ಹತ್ತು ವರ್ಷ ಕಳೆದು 1876ರಲ್ಲಿ ಬರ ಬಂದಾಗ, ಹೊಟ್ಟೆಗೆ ಬೇಕಾದ ಜೋಳದ ಹೊಲವನ್ನೂ ಹತ್ತಿಗೆ ಹಾಕಿದವರ ಪಾಡು ಏನಾಗಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ನಮ್ಮ ಶಾಲೆಗೂ ಈ ಕಥೆಗೂ ಸಂಬಂಧವಿದೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಹೊರತಂದರು. ಅದರ ತಂದೆತಾಯಿ ಎರಡೂ ಅಮೆರಿಕ ಮೂಲದ ಜಾತಿಗಳು. ಶಾಲೆ ಶುರುವಾದದ್ದು ಅದರ ಎರಡು ವರ್ಷದ ನಂತರ. ಮೊದಲ ಮೂರು ಕೊಠಡಿಗಳಿಗೆ ಊರವರು ವಂತಿಗೆ ಕೊಟ್ಟದ್ದು ಆ ವರ್ಷದ ಹತ್ತಿ ಮಾರಿದ ದುಡ್ಡಿನಲ್ಲಿ ಎಂದು ನನ್ನ ಅಜ್ಜ ಹೇಳುತ್ತಿದ್ದರು. ಅಂಡಿಗೆಗೆ ಇಷ್ಟು ಎಂದು ಹಿರಿಯರು ಗೊತ್ತು ಮಾಡಿದ್ದರಂತೆ. ಹೊಲವಿಲ್ಲದ ಅಜ್ಜ ಇಟ್ಟಿಗೆ ಹೊತ್ತರು. ವಂತಿಗೆ ಕೊಟ್ಟ ದಾನಿಗಳ ಹೆಸರಿನ ಕಲ್ಲು ಶಾಲೆಯ ಬಾಗಿಲಲ್ಲಿದೆ. ಪ್ರತಿದಿನ ಪ್ರಾರ್ಥನೆಗೆ ನಿಂತಾಗ ನಾವೆಲ್ಲ ಓದಿದ್ದೇವೆ. ಅವರು ಕೊಟ್ಟದ್ದು ದೊಡ್ಡದು, ಆ ಕಲ್ಲು ಅಲ್ಲಿ ಇರಲೇಬೇಕು. ಇಟ್ಟಿಗೆ ಹೊತ್ತವರ ಹೆಸರು, ಆ ಹತ್ತಿ ಬಿಡಿಸಿದ ಹೆಣ್ಣುಮಕ್ಕಳ ಹೆಸರು ಮಾತ್ರ ಎಲ್ಲೂ ಇಲ್ಲ. ಗುಲಾಮಗಿರಿಯನ್ನೂ ನಮ್ಮ ಕೂಲಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ನನ್ನ ಅವ್ವನನ್ನು ಯಾರೂ ಕೊಂಡಿರಲಿಲ್ಲ. ಆಕೆ ಸಂಜೆ ಮನೆಗೆ ಬರುತ್ತಿದ್ದಳು, ನನ್ನನ್ನು ಅವಳಿಂದ ಯಾರೂ ಬಿಡಿಸಿ ಮಾರಲಾರರಾಗಿದ್ದರು. ಆ ವ್ಯತ್ಯಾಸ ಸಣ್ಣದಲ್ಲ.

ಅವ್ವ ಸುಮಾರು ಇಪ್ಪತ್ತು ವರ್ಷ ಹತ್ತಿ ಬಿಡಿಸಲು ಹೋದಳು. ಒಡೆದ ಕಾಯಿಯ ಒಣಗಿದ ತುದಿ ಮುಳ್ಳಿನ ಹಾಗೆ ಇರುತ್ತದೆ. ಉಗುರಿನ ಸಂದಿಗೇ ಚುಚ್ಚುತ್ತದೆ. ಸುಗ್ಗಿಯ ದಿನಗಳಲ್ಲಿ ನಾನೂ ಶಾಲೆ ತಪ್ಪಿಸಿ ಅವಳ ಹಿಂದೆ ಹೋಗಿದ್ದೇನೆ. ಗುರುಗಳು ಮನೆಗೆ ಬಂದು ಬೈದು ಕರೆದೊಯ್ದದ್ದೂ ಇದೆ. ಅದಕ್ಕಾಗಿಯೇ ನಾನು ಬಿ.ಇ. ಮುಗಿಸಿದೆ ಎಂದು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಆ ರಾತ್ರಿ, ಅಂದರೆ ನಮ್ಮೂರಲ್ಲಿ ಮರುದಿನ ಬೆಳಗಿನ ಏಳೂವರೆಗೆ, ಅವ್ವನಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದೆ. ಅವಳು ತಂಗಿಯ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇಷ್ಟು ತೂತು ಯಾಕಪಾ? ಮಣ್ಣರೆ ಮೆತ್ತಿ ಮುಚ್ಚಬಾರದೇನು?"

ಬೇಕಂತಲೇ ಹಾಗೆ ಇಟ್ಟಾರವ್ವ, ನೆನಪಿಗೆ ಎಂದೆ. ಯುದ್ಧದ ಕಥೆಯನ್ನು ಚಿಕ್ಕದಾಗಿ ಹೇಳಿದೆ. ಟಾಡ್‌ನ ಕಥೆ ಕೇಳಿ "ಅಯ್ಯ ಶಿವನ, ಹಡದಾಕಿ ಇದ್ದಿದ್ದರ ಏನಾಗತಿತ್ತೋ" ಎಂದಳು. ತಾಯಿ ಮೊದಲೇ ತೀರಿಕೊಂಡಿದ್ದಳು ಎಂದೆ. ಛಲೋ ಆತು ಬಿಡು ಎಂದಳು. ಆಮೇಲೆ ಹತ್ತಿಯ ಮಾತು ಬಂತು.

"ಅಷ್ಟು ಹತ್ತಿ ಯಾರು ಬಿಡಿಸತಿದ್ರು?"

"ಆಳು ಇದ್ರವ್ವ, 28 ಮಂದಿ."

"ಕೂಲಿ ಹೆಂಗ? ತೂಕದ ಮ್ಯಾಲೋ, ದಿನದ ಮ್ಯಾಲೋ?"

"ಕೂಲಿ ಇರಲಿಲ್ಲ. ಮಂದೀನ್ನ ಪ್ಯಾಟಿಯೊಳಗ ದನ ಕೊಂಡಂಗ ಕೊಂಡು ತರತಿದ್ರು."

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫೋನ್ ಕಡಿದುಹೋಯಿತೇನೋ ಅಂದುಕೊಂಡೆ.

"ಆ ದಿನ ಗುಂಡು ಬೀಳುವಾಗ ಆ ಮಂದಿ ಎಲ್ಲಿದ್ರು? ಅವರನ್ನೂ ಒಳಗ ಕರಕೊಂಡ್ರೇನು?"

ಕೆಲವರನ್ನು ಕರೆದುಕೊಂಡಿದ್ದರು ಎಂದೆ. ಉಳಿದವರೆಲ್ಲ ಎಲ್ಲಿದ್ದರು ಎಂದು ಮತ್ತೆ ಕೇಳಿದಳು. ನಾನು ಅಲ್ಲಿ ಸಂಜೆಯವರೆಗೆ ಇದ್ದವನು, ಆ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ.